ದಕ್ಷಿಣಕ್ಕೆ ಮುಖ ಮಾಡಿದ ಪ್ರೋಟೀನು

ನನ್ನ ಸೊಸೆ ಶೀತಲ ಚಿಕ್ಕೋಡಿಯ ಕಾಲೇಜಿನಲ್ಲಿ ಕಲಿಸುತ್ತಾಳೆ, ಜೊತೆಗೆ ಪಿಎಚ್‌ಡಿಯನ್ನೂ ಮಾಡುತ್ತಿದ್ದಾಳೆ. ಹಿರಿಯರು ಏನೇ ಹೇಳಲಿ, ‘ಹೂಂರಿ’ ಎನ್ನುತ್ತಾಳೆ. ಬೀಗರೂರಿಗೆ ಹೋದರೆ ಕರೆದವರ ಮನೆಯಲ್ಲೆಲ್ಲ ಉಂಡು, ಹೊಟ್ಟೆ ಹಿಡಿದುಕೊಂಡು ಬರುತ್ತಾಳೆ.

ಅವಳ ಕೆಲಸವನ್ನು ನಾನು ಕೇಳಿ ಕೇಳಿ ತಿಳಿದುಕೊಂಡಿದ್ದೇನೆ. ಪ್ರೋಟೀನು ಎಂದರೆ ಕಣ್ಣಿಗೆ ಕಾಣದ ಗಂಟು. ಯಂತ್ರ ತೆಗೆದ ಮಸುಕು ಚಿತ್ರದಲ್ಲಿ ಅದು ಯಾವ ಕಡೆ ಮುಖ ಮಾಡಿ, ಎಷ್ಟು ವಾಲಿ, ಎಷ್ಟು ಹೊರಳಿ ಕೂತಿದೆ ಎಂದು ಕಂಪ್ಯೂಟರ್ ಹುಡುಕಬೇಕು. ಒಂದು ಕೋನದಿಂದ ಶುರುಮಾಡಿ ತುಸುತುಸುವೇ ತಿರುಗಿಸುತ್ತದೆ. ಅಕ್ಕಪಕ್ಕದಲ್ಲಿ ಇದಕ್ಕಿಂತ ಚೆನ್ನಾಗಿ ಹೊಂದುವುದಿಲ್ಲ ಎನಿಸಿತೋ, ಅಲ್ಲೇ ಕೂತುಬಿಡುತ್ತದೆ. ಆಚೆ ಇನ್ನೂ ಒಳ್ಳೆಯ ಜಾಗವಿದ್ದರೂ ಅದಕ್ಕೆ ಗೊತ್ತಾಗದು. ಅದಕ್ಕೇ ಎಲ್ಲ ದಿಕ್ಕಿನಿಂದಲೂ ಶುರುಮಾಡಿ ನೋಡಬೇಕು.

ಒಂದು ದಿನ ನಮ್ಮ ಯಜಮಾನರು ಅವಳ ಲ್ಯಾಪ್‌ಟಾಪಿನ ಮುಂದೆ ಬಂದು ನಿಂತರು. ಅವರಿಗೆ ತಿಳಿಯಲೆಂದು ಶೀತಲ, “ಪರದೆ ಮ್ಯಾಗಿಂದು ಉತ್ತರ ಅನ್ಕೋರಿ ಮಾವಾರ” ಎಂದಳು.

“ಹಂಗಾರ ತೆಳಗಿಂದು ದಕ್ಷಿಣ! ದಕ್ಷಿಣಕ್ಕ ಮಾರಿ ಮಾಡಿ ಯಾರರ ಕೆಲಸಾ ಸುರು ಮಾಡ್ತಾರೇನವ್ವಾ? ತಗದಬಿಡು ಅದನ್ನ.”

“ಹೂಂರಿ.”

ಮಜ್ಜಿಗೆಗೆ ಬಂದ ನೆರೆಮನೆಯ ಸುಂದ್ರವ್ವ, “ತೆಲಿ ಕೆಳಗ ಮಾಡಬ್ಯಾಡವಾ, ಪಾಪ, ಅದಕ್ಕ ಚಕ್ಕರ ಬರತೈತಿ” ಎಂದಳು. ಅದಕ್ಕೂ ಹೂಂರಿ!

ಉಳಿದ ಕೋನಗಳಿಂದ ಎಷ್ಟು ಓಡಿಸಿದರೂ ಗಂಟು ಚಿತ್ರಕ್ಕೆ ಹೊಂದದ ಒಂದೇ ಸೊಟ್ಟ ಜಾಗಕ್ಕೆ ಬಂದು ಕೂರುತ್ತಿತ್ತು. ಸೋಮವಾರದೊಳಗೆ ಸರಿಹೋಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಅವಳ ಗೈಡು ಫೋನಿನಲ್ಲಿ ಹೇಳಿದರು. ಶೀತಲ ಒಲೆಯ ಮೇಲಿನ ಝುಣಕ ತಿರುವುತ್ತ ಕಣ್ಣೊರೆಸಿಕೊಂಡಳು.

“ಎಲ್ಲಾ ಕಡಿಂದ ಸುರು ಮಾಡಿ ನೋಡೀಯೇನ?” ಎಂದೆ.

“ದಕ್ಷಿಣಾ ಬಿಟ್ಟೇನ್ರಿ ಅತ್ತಿ. ತೆಲಿಕೆಳಗಿನೂವೂ ಬಿಟ್ಟೇನ್ರಿ. ಹಿರ್ಯಾರು ಬ್ಯಾಡಂದ್ರಲ್ರಿ.”

“ಬದನಿಕಾಯಿ ಬ್ಯಾಡಂತ ಹೇಳಿ ಹೇಳಿ ನಿಮ್ಮ ಮಾವನ ಹಲ್ಲ ಬಿದ್ದುವು. ನಾ ಮಾಡೂದು ಬಿಟ್ಟೇನೇನ?”

ಭಾನುವಾರ ಅವಳು ಎಲ್ಲ ಕೋನಗಳನ್ನೂ ಇಟ್ಟಳು. ಯಜಮಾನರು ಇಣುಕಿದರು. “ಮತ್ತ ದಕ್ಷಿಣಾ? ತಗೀ!”

“ಇಲ್ರಿ ಮಾವಾರ. ತಗಿಯೂದಿಲ್ರಿ.”

ಅವರು ನನ್ನತ್ತ ನೋಡಿದರು. ನಾನು ಬಾಣಲೆಯತ್ತ ನೋಡಿದೆ.

ಮುನಿಸಿಕೊಂಡು ಕಟ್ಟೆಗೆ ಹೋದವರು, ತಡೆಯಲಾರದೆ ಬಂದು ಅವಳ ಹಿಂದೆ ನಿಂತರು. ಬಹಳಷ್ಟು ಸಲ ಗಂಟು ಹಳೇ ಜಾಗಕ್ಕೇ ಹೋಯಿತು. ದಕ್ಷಿಣಕ್ಕೆ ಮುಖ ಮಾಡಿ, ತಲೆಕೆಳಗಾಗಿ ಹೊರಟದ್ದೊಂದು ಮಾತ್ರ ಹೊರಳಿ ಹೊರಳಿ ಚಿತ್ರದೊಳಗೆ ಗಪ್ಪನೆ ಕೂತಿತು. ಶೀತಲ ಚೀರಿದಳು. ಗೈಡಿಗೆ ಕಳಿಸಿದಳು. ಕೆಲಸ ನಿನ್ನದೇ ಎಂದು ಉತ್ತರ ಬಂತು.

“ಸುರು ಎಲ್ಲಿಂದರ ಆಗವಲ್ದ್ಯಾಕ, ಕಡೀಕ ಯಾ ಕಡೆ ಮಾರಿ ಮಾಡೇತಿ?” ಎಂದರು ಯಜಮಾನರು.

“ದಕ್ಷಿಣಕ್ಕರೀ.”

ಅವರು ಲ್ಯಾಪ್‌ಟಾಪನ್ನೇ ಮೆಲ್ಲಗೆ ತಲೆಕೆಳಗು ಮಾಡಿ ಇಟ್ಟು, “ಈಗ ಉತ್ತರಾ ಆತ ನೋಡು” ಎಂದು ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ನಡೆದರು.