ನನಗಷ್ಟೇ ಕೇಳಿಸಿದ ಹಾಡು

ಹೋದ ನವರಾತ್ರಿಯಲ್ಲಿ ನಮ್ಮ ಶಿಕಾರಿಪುರದ ಭಜನಾ ಮಂಡಳಿಗೆ ಸೊರಬದ ಸಮುದಾಯ ಭವನದಲ್ಲಿ ಪ್ರೋಗ್ರಾಂ ಇತ್ತು. ಮಂಡಳಿ ನಡೆಸುವವಳು ನನ್ನ ಓರಗಿತ್ತಿ, ನನಗಿಂತ ಚಿಕ್ಕವಳು. ಅಂದು ಪ್ರತಿಯೊಬ್ಬರಿಗೂ ಬೇರೆ ಮೈಕು. ನಮ್ಮೂರ ಸೌಂಡಿನವನು ಹಾಲ್‌ನ ಹಿಂದೆ ಮಿಕ್ಸರ್ ಇಟ್ಟುಕೊಂಡು ಕೂತಿದ್ದ. ಹುಡುಗಿಯಾಗಿದ್ದಾಗ ಕಾನ್ವೆಂಟಿನ ಕ್ವಾಯರ್‌ನಲ್ಲಿ ಸೋಲೋ ಹಾಡಿದವಳು ನಾನು. ಈಚೆಗೆ ಮೇಲಿನ ಸ್ವರಕ್ಕೆ ಹೋದರೆ ದನಿ ನಡುಗುತ್ತದೆ, ಗೊತ್ತಿಲ್ಲವೆಂದಲ್ಲ.

ಆದರೆ ಅಂದು ನನ್ನ ಮುಂದಿಟ್ಟಿದ್ದ ಪುಟ್ಟ ಸ್ಪೀಕರಿನಿಂದ ನನ್ನ ದನಿ ಎಷ್ಟು ಕ್ಲಿಯರ್ ಆಗಿ ಬರುತ್ತಿತ್ತೆಂದರೆ, ಹಳೆಯ ನನ್ನನ್ನೇ ಕೇಳಿದಂತಾಯಿತು. ಎರಡನೇ ದೇವರನಾಮಕ್ಕೆ ಧೈರ್ಯ ಬಂತು. ಟೀವಿಯಲ್ಲಿ ದೊಡ್ಡ ಗಾಯಕಿಯರು ಮಾಡುವಂತೆ ಹೆಬ್ಬೆರಳೆತ್ತಿ, ಇನ್ನೂ ಏರಿಸು ಎಂದು ಸನ್ನೆ ಮಾಡಿದೆ. ಅವನು ತಲೆಯಾಡಿಸಿ ಏರಿಸಿದ. ನಾನು ಕಣ್ಣು ಮುಚ್ಚಿ ಹಾಡಿದೆ.

ಮುಗಿದ ಮೇಲೆ ಥ್ಯಾಂಕ್ಸ್ ಹೇಳಲು ಅವನಲ್ಲಿಗೆ ಹೋದೆ. ಮಿಕ್ಸರಿನಲ್ಲಿ ಒಂದೊಂದು ಮೈಕಿಗೆ ಒಂದೊಂದು ಫೇಡರ್, ಮೇಲಕ್ಕೆ ಕೆಳಕ್ಕೆ ಸರಿಸುವಂಥದ್ದು. ಕೆಳಗೆ ಬಿಳಿ ಟೇಪಿನ ಮೇಲೆ ಯಾರದು ಯಾವುದೆಂದು ಬರೆದಿದ್ದ. ಉಳಿದವರದೆಲ್ಲ ಮೇಲಿದ್ದವು. ‘ಅಜ್ಜಿ’ ಎಂದಿದ್ದದ್ದು ತೀರಾ ತಳದಲ್ಲಿತ್ತು. ನನ್ನದನ್ನು ಈಗ ಇಳಿಸಿದೆಯೇನಪ್ಪಾ ಎಂದೆ.

ಅವನು ವೈರು ಸುತ್ತುತ್ತ ಮುಖ ತಗ್ಗಿಸಿದ.

“ಇಲ್ರೀ ಅಮ್ಮಾ, ಸುರುವಿಂದ ಅಲ್ಲೇ ಐತ್ರೀ. ನಿಮ್ಮ ಮುಂದಿನ ಬಾಕ್ಸಿಗೆ ಬ್ಯಾರೆ ಲೈನ್ ಕೊಟ್ಟಿದ್ದೆ. ‘ಜನಕ್ಕೆ ಬ್ಯಾಡ, ಅವರಿಗೆ ಕೇಳಿದ್ರೆ ಸಾಕು’ ಅಂದಿದ್ರು ನಿಮ್ಮ ಓರಗಿತ್ತಿಯೋರು.”

ಹಾಗಾದರೆ ಸೊರಬದವರು ನೋಡಿದ್ದೇನು? ಸುಮ್ಮನೆ ಬಾಯಿ ಆಡಿಸುವ ಒಬ್ಬ ಮುದುಕಿ ನಡುವೆ ಹೆಬ್ಬೆರಳೆತ್ತಿ ಆರ್ಡರ್ ಮಾಡುವುದನ್ನು. ಪಕ್ಕದಲ್ಲಿ ಕೂತಿದ್ದ ಮಂಡಳಿಯವರೆಲ್ಲರಿಗೂ ವಿಷಯ ಗೊತ್ತಿದ್ದಿರಬೇಕು. ಒಬ್ಬರೂ ನಗಲಿಲ್ಲವಲ್ಲ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ವಾಪಸು ಬರುವಾಗ ವ್ಯಾನಿನಲ್ಲಿ ಓರಗಿತ್ತಿ ನನ್ನ ಪಕ್ಕವೇ ಕೂತಳು. ಶಾಲು ಸರಿಯಾಗಿ ಹೊದಿಸಿ, ತೊಗರ್ಸಿಯಿಂದಲೂ ಪ್ರೋಗ್ರಾಂಗೆ ಕರೆ ಬಂದಿದೆ ಎಂದಳು.

“ಬರ್ತೀರಲ್ಲ ಅಕ್ಕಾ?”

ಮೈಕ್ ಬೇಡಮ್ಮಾ, ತಾಳ ಹಾಕಿಕೊಂಡು ಕೂರುತ್ತೇನೆ ಎನ್ನಬೇಕಿತ್ತು. ಸೆಲ್ಫ್ ರೆಸ್ಪೆಕ್ಟ್ ಇದ್ದವರು ಹಾಗೇ ಅನ್ನುತ್ತಾರೆ. ಬಾಯಿಯ ತನಕ ಬಂದೂ ಇತ್ತು.

“ಬರ್ತೀನಿ,” ಎಂದೆ. ಸಾಲದೆಂಬಂತೆ, “ಸೌಂಡಿಗೆ ಇವನೇ ಬರ್ತಾನೆ ತಾನೇ?” ಎಂದೂ ಕೇಳಿಬಿಟ್ಟೆ.

ಅವಳು ಹೂಂ ಎಂದು ಕಿಟಕಿಯ ಕಡೆ ತಿರುಗಿದಳು.