ರೊಟ್ಟಿಯಗಲದ ಎರಡು ಬಣ್ಣ

ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿದಾಗ ನೆನಪಾದದ್ದು ನಮ್ಮ ಹಳೆಯ ಪೇಂಟರ್ ಮೇಸ್ತ್ರಿಯ ಕೆಮ್ಮು. ಹೊನ್ನಾಳಿಯ ನಮ್ಮ ಮನೆಯ ಪಡಸಾಲೆಗೆ ಮತ್ತೆ ಬಣ್ಣ ಹೊಡೆಸಬೇಕು. ಹೊಸ ಪೇಂಟರ್ ಗೋಡೆಯ ಮೇಲೆ ಎರಡು ಮಾದರಿ ಬಳಿದು ಹೋಗಿದ್ದಾನೆ. ಒಂದು ಕೆನೆ ಬಣ್ಣ, ಇನ್ನೊಂದು ತಿಳಿ ಬೂದಿ.

ಮೇಸ್ತ್ರಿಯೂ ಹೀಗೇ ಮಾಡುತ್ತಿದ್ದರು. ರೊಟ್ಟಿಯಗಲ ಎರಡು ಬಣ್ಣ ಬಳಿದು, ಎರಡು ಸಲ ಕೆಮ್ಮಿ, "ಏನಪ್ಪಾ ಅಂದ್ರೆ... ಬೆಳಿಗ್ಗೆ ಒಂದ್ಸಲ ನೋಡ್ರಿ, ಸಂಜಿಗೊಂದ್ಸಲ ನೋಡ್ರಿ, ಆಮ್ಯಾಕೆ ಹೇಳ್ರಿ" ಅನ್ನುತ್ತಿದ್ದರು. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದರೂ ಮಿಮಿಕ್ರಿಯಲ್ಲಿ ನಾನು ಫಸ್ಟ್ ಕ್ಲಾಸ್. ಅವರೆದುರೇ ಅವರ ದನಿ ಮಾಡಿ ತೋರಿಸಿದರೆ, "ಲೇ ತಮ್ಮಾ, ಕೆಮ್ಮು ಇನ್ನೊಂಚೂರು ಒಳಗಿಂದ ಬರ್ಬೇಕು ನೋಡು" ಎಂದು ತಿದ್ದುತ್ತಿದ್ದರು.

ಆರು ವರ್ಷದ ಹಿಂದೆ ಅಮ್ಮ ಮೂರು ದಿನ ಗೋಡೆ ನೋಡಿ, ಬೂದಿ ಇರಲಿ ಅಂದಳು. ಮೇಸ್ತ್ರಿ ಪೇಂಟ್ ಅಂಗಡಿಗೆ ಹೇಳಿಟ್ಟರು. ನಾನು ಸುಮ್ಮನಿರದೆ ಅದೇ ಅಂಗಡಿಗೆ ಫೋನ್ ಮಾಡಿ, ಒಳಗಿಂದ ಕೆಮ್ಮಿ, "ಬೂದಿ ಬ್ಯಾಡ, ಕೆನೆ ಕಲಸ್ರಿ" ಅಂದೆ. ಅಂಗಡಿಯವರು ಕಂಡುಹಿಡಿದು ಬೈಯುತ್ತಾರೆ ಅಂದುಕೊಂಡಿದ್ದೆ. ಕಲಸಿಯೇಬಿಟ್ಟರು. ಕಲಸಿದ ಬಣ್ಣವನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲ.

ಡಬ್ಬಿಯ ಮುಚ್ಚಳ ತೆಗೆದ ಮೇಸ್ತ್ರಿ ನನ್ನ ಮುಖ ನೋಡಿದರು. ಅಮ್ಮ ರೇಗಿದಳು. "ಏನ್ರೀ ಮೇಸ್ತ್ರಿ, ಹೇಳಿದ್ದೊಂದು ತಂದಿದ್ದೊಂದು! ಕಿವಿ ಕೇಳಂಗಿಲ್ಲೇನು?"

"ನಂದೇ ತಪ್ಪಮ್ಮಾ... ಬಾಯಿ ತಪ್ಪಿ ಹೇಳೀನಿ" ಅಂದರು. ಅದನ್ನೇ ಬಳಿದು, ನೆಲದ ಮೇಲಿನ ಚುಕ್ಕಿಗಳನ್ನೆಲ್ಲ ಒರೆಸಿ ಹೋದರು.

ಅಮ್ಮ ಮತ್ತೆಂದೂ ಅವರನ್ನು ಕರೆಯಲಿಲ್ಲ. ಓಣಿಯವರಿಗೂ ಹೇಳಿದಳು, ಅವರೂ ಕರೆಯುವುದು ಬಿಟ್ಟರು. ನಿಜ ಹೇಳಿಬಿಡಬೇಕು ಅಂದುಕೊಳ್ಳುತ್ತಲೇ ಇದ್ದೆ... ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಎಲ್ಲರ ಮಾತನ್ನೂ ಆಡುವವನಿಗೆ ತನ್ನದೊಂದು ಮಾತು ಆಡಲಾಗಲಿಲ್ಲ.

ಇವತ್ತು ಅಮ್ಮ ಗೋಡೆಯ ಮುಂದೆ ನಿಂತು, "ಈ ಸಲನಾದ್ರೂ ಬೂದಿ ಹೊಡೆಸೋಣ" ಅಂದಳು.

"ಅಮ್ಮಾ, ಆವತ್ತು ಅಂಗಡಿಗೆ ಅವರ ದನಿಯಾಗೆ ಫೋನ್ ಮಾಡಿದ್ದು ನಾನು."

ಅಮ್ಮ ಬೈಯಲಿಲ್ಲ. ಗೋಡೆಯ ಮೇಲಿನ ಆ ಎರಡು ಬಣ್ಣದ ರೊಟ್ಟಿಗಳನ್ನೇ ಬಹಳ ಹೊತ್ತು ನೋಡಿದಳು. "ಎರಡೂ ಒಂದೇ ಥರ ಕಾಣ್ತಾವಲ್ಲೋ..." ಅಂದು ಒಳಗೆ ಹೋದಳು.

ಅಳು ಬರಲಿಲ್ಲ. ಏನೂ ಬರಲಿಲ್ಲ. ಅಂಗಡಿಗೆ ಫೋನ್ ಮಾಡಿ, ಮೇಸ್ತ್ರಿ ಬಳಿದಿದ್ದ ಕೆನೆ ಬಣ್ಣವೇ ಇರಲಿ ಅಂದೆ. "ಯಾರ್ ಮಾತಾಡೋದು?" ಅಂದರು. ನನ್ನ ಹೆಸರು ಹೇಳಿದೆ. ನನ್ನ ಮಾತೇ ನನ್ನ ಕಿವಿಗೆ ಯಾರೋ ನನ್ನ ದನಿಯನ್ನು ಅಣಕಿಸಿದಂತೆ ಕೇಳಿಸಿತು, ಅದೂ ಸರಿಯಾಗಿ ಬಂದಿರಲಿಲ್ಲ. ತಿದ್ದುವವರು ಇರಲಿಲ್ಲ.