ಚಚಡಿಯ ಕಣದಲ್ಲಿ ಒಣಗಿದ ಅದಿರು

ಸವದತ್ತಿಯಲ್ಲಿ ನಮ್ಮ ಮನೆತನದವರು ಪಂಚಾಂಗ ನೋಡಿ ಮುಹೂರ್ತ ಹೇಳುತ್ತ ಬಂದವರು. ಅಜ್ಜ ಹೇಳಿದರು, ಅಪ್ಪ ಈಗಲೂ ಹೇಳುತ್ತಾರೆ. ನಾನೊಬ್ಬ ಮಾತ್ರ ಧಾರವಾಡಕ್ಕೆ ಹೋಗಿ ಭೂವಿಜ್ಞಾನ ಓದಿ, ತೊರಗಲ್ ದಾಟಿದ ಮೇಲೆ ಸಿಗುವ ಒಂದು ಗುಡ್ಡದ ಕಬ್ಬಿಣದ ಅದಿರಿನ ಗಣಿಯಲ್ಲಿ ಕೆಲಸಕ್ಕೆ ಸೇರಿದೆ. ಅಪ್ಪನಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ, ಕಲ್ಲಿನ ಜಾತಕ ನೋಡುತ್ತಾನೆ ಎಂದು ಗಂಭೀರವಾಗಿಯೇ ಹೇಳುತ್ತಿದ್ದರು.

ಕೆಲಸ ಅಷ್ಟು ದೊಡ್ಡದೇನೂ ಆಗಿರಲಿಲ್ಲ. ಗುಡ್ಡದಲ್ಲಿ ಅಗೆದು ಪುಡಿ ಮಾಡಿದ ಅದಿರು ಟಿಪ್ಪರ್ ಲಾರಿಗಳಲ್ಲಿ ಸವದತ್ತಿ, ಬೈಲಹೊಂಗಲ, ಕಿತ್ತೂರು ದಾಟಿ, ಘಟ್ಟ ಇಳಿದು ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಪರದೇಶಕ್ಕೆ. ಲಾರಿ ಹೊರಡುವಾಗ ಮಾದರಿ ತೆಗೆಯುವುದು, ಬಂದರಿನಲ್ಲಿ ಮಾಲಿನ ಬಗ್ಗೆ ತಕರಾರು ಬಂದರೆ ಉತ್ತರ ಕೊಡುವುದು ನನ್ನ ಪಾಲಿನ ಕೆಲಸ. ತಿಂಗಳ ಅರ್ಧದಷ್ಟು ದಿನ ನಾನು ಲಾರಿಯ ಕ್ಯಾಬಿನ್ನಿನಲ್ಲೇ ಇರುತ್ತಿದ್ದೆ. ಮೈಮೇಲಿನ ಬಿಳಿ ಅಂಗಿ ಯಾವುದೂ ಬಿಳಿಯಾಗಿ ಉಳಿಯಲಿಲ್ಲ. ಅವ್ವ ನನ್ನ ಬಟ್ಟೆಗಳನ್ನು ಬೇರೆ ಬಕೀಟಿನಲ್ಲಿ ನೆನೆಹಾಕಿ, ಆ ನೀರನ್ನು ದಾಸವಾಳದ ಗಿಡಕ್ಕೆ ಸುರಿಯುತ್ತಿದ್ದಳು. ಗಿಡಕ್ಕೆ ಕಬ್ಬಿಣದ ಅಂಶ ಒಳ್ಳೆಯದೆಂದು ಎಲ್ಲೋ ಕೇಳಿದ್ದಳಂತೆ.

ನಾನು ಹೆಚ್ಚಾಗಿ ಹೋಗುತ್ತಿದ್ದ ಲಾರಿಯ ಡ್ರೈವರ್ ಉಗರಗೋಳದವರು. ಐವತ್ತು ದಾಟಿದ, ಗಟ್ಟಿಮುಟ್ಟಾದ ಆಳು. ನನ್ನನ್ನು ಆಚಾರ್ರ ಎಂದು ಕರೆಯುತ್ತಿದ್ದರು. ನಾನು ಅವರಿಗೆ ಅಣ್ಣಾರ ಅನ್ನುತ್ತಿದ್ದೆ. ಅವರ ಮಾತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದವಳು ಚಚಡಿಗೆ ಕೊಟ್ಟ ಅವರ ಅಕ್ಕ. ಅಕ್ಕ ಹೀಗಂದಳು, ಅಕ್ಕನಿಗೆ ಇದು ಸೇರುವುದಿಲ್ಲ, ಅಕ್ಕನಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾಳೆ. ಇಷ್ಟು ದೊಡ್ಡ ಲಾರಿಯನ್ನು ಘಟ್ಟದಲ್ಲಿ ಒಂದೇ ಕೈಯಲ್ಲಿ ತಿರುಗಿಸುವ ಮನುಷ್ಯ ಫೋನಿನಲ್ಲಿ ಅಕ್ಕನ ದನಿ ಕೇಳಿದರೆ ಸೀಟಿನಲ್ಲಿ ನೆಟ್ಟಗೆ ಕೂಡುತ್ತಿದ್ದರು.

ಮೆಣಸಿನಕಾಯಿ ಒಣಗುವ ಕಾಲದಲ್ಲಿ ಒಮ್ಮೆ ನಮ್ಮ ಗುಡ್ಡಕ್ಕೆ ಅಡ್ಡಮಳೆ ಹೊಡೆಯಿತು. ನಮ್ಮ ಲಾರಿ ಅದಿರು ತುಂಬಿಕೊಂಡು ಹೊರಡಲು ನಿಂತಿತ್ತು. ಮೇಲಿನ ತಾಡಪತ್ರಿ ನಡುವೆ ಹರಿದಿದ್ದರಿಂದ ನೀರೆಲ್ಲ ಒಳಗಿಳಿದು, ಅದಿರಿನ ಪುಡಿ ಗೋಧಿ ಹುಗ್ಗಿಯ ಹದಕ್ಕೆ ಬಂತು. ದಾರಿಯ ಗಾಳಿಗೆ ಒಣಗುತ್ತದೆ ಎಂದರು ಅಣ್ಣಾರು. ಬಂದರಿನಲ್ಲಿ ಹಡಗು ಕಾಯುತ್ತಿತ್ತು. ಹೊರಟೆವು.

ಕಿತ್ತೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಮ್ಮದೇ ಗಣಿಯ ಇನ್ನೊಂದು ಲಾರಿ ಎದುರಿನಿಂದ ಬಂತು. ಖಾಲಿ ಬರಬೇಕಾದದ್ದು ತುಂಬಿಕೊಂಡೇ ಬಂದಿತ್ತು. ಹಸಿ ಮಾಲು ಎಂದು ಬಂದರಿನವರು ಇಳಿಸಿಕೊಂಡಿರಲಿಲ್ಲ. ಅದಕ್ಕೆ ಕಾರಣವಿತ್ತು. ಒದ್ದೆ ಅದಿರಿನ ಪುಡಿ ಹಡಗಿನ ಹೊಟ್ಟೆಯಲ್ಲಿ ಅಲ್ಲಾಡಿ ಅಲ್ಲಾಡಿ ಕೆಸರಾಗುತ್ತದೆ. ಆ ಕೆಸರು ಒಂದು ಮಗ್ಗುಲಿಗೆ ಸರಿದರೆ ಹಡಗೇ ವಾಲುತ್ತದೆ. ನಾನು ಗಣಿಯ ಮ್ಯಾನೇಜರರಿಗೆ ಫೋನ್ ಮಾಡಿದೆ. ಗುಡ್ಡದಲ್ಲಿ ಇನ್ನೂ ಮಳೆ ಇದೆ, ಇಲ್ಲಿಗೆ ಮಾತ್ರ ತರಬೇಡ, ಎಲ್ಲಾದರೂ ಒಣಗಿಸಿ ಹಡಗು ಹೊರಡುವ ಮೊದಲು ಬಂದರಿಗೆ ಮುಟ್ಟಿಸು ಎಂದರು. ಎಲ್ಲಿ ಒಣಗಿಸಲಿ ಎಂದು ನಾನು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಅಣ್ಣಾರು ಬಸಿಯಲ್ಲಿ ಚಹಾ ಆರಿಸುತ್ತ ಬಹಳ ಹೊತ್ತು ಯೋಚಿಸಿದರು.

"ಆಚಾರ್ರ, ಅಕ್ಕನ ಕಣ ಐತಿ," ಎಂದರು ಕಡೆಗೆ. "ಆದ್ರ ನೀವೇ ಕೇಳಬೇಕು. ನಾ ಕೇಳಂಗಿಲ್ಲ."

ಲಾರಿ ತಿರುಗಿಸಿಕೊಂಡು, ಬೈಲಹೊಂಗಲದ ಮೇಲೆ ಹಾಯ್ದು ಚಚಡಿಗೆ ಬಂದೆವು. ಆ ಕಡೆ ಮಳೆಯ ಸುಳಿವೇ ಇರಲಿಲ್ಲ, ಬಿಸಿಲು ಸುಡುತ್ತಿತ್ತು. ಊರ ಹೊರಗೆ ಅಕ್ಕನ ಹೊಲ, ಹೊಲದ ಅಂಚಿಗೆ ಸಗಣಿ ಸಾರಿಸಿದ ಅಗಲವಾದ ಕಣ, ಕಣದ ತುಂಬ ಕೆಂಪು ಮೆಣಸಿನಕಾಯಿ. ಅಕ್ಕ ತೆಳ್ಳಗಿನ, ಎತ್ತರದ ಹೆಂಗಸು. ಸೀರೆಯ ಕಚ್ಚೆ ಬಿಗಿದು ಹಲಗೆಯಿಂದ ಮೆಣಸಿನಕಾಯಿ ಹರವುತ್ತಿದ್ದವರು ಲಾರಿಯನ್ನೂ ತಮ್ಮನನ್ನೂ ನನ್ನನ್ನೂ ನೋಡಿ, ಮೊದಲು ಊಟ ಆಗಿದೆಯೇ ಎಂದು ಕೇಳಿದರು. ಊಟ ಮುಗಿಯುವವರೆಗೆ ಬೇರೆ ಮಾತಿಗೆ ಬಿಡಲಿಲ್ಲ. ಆಮೇಲೆ ನಾನು ಹಡಗು ವಾಲುವ ಸಂಗತಿಯನ್ನು ಊಟದ ತಾಟು, ನೀರಿನ ಚೊಂಬು ಬಳಸಿ ವಿವರಿಸಿದೆ. ಅವರು ಪೂರ್ತಿ ಕೇಳಿ, ತಮ್ಮನ ಕಡೆ ತಿರುಗಿದರು.

"ಏನ್ ತಮ್ಮಾ, ಮಂದಿ ಜ್ವಾಳ ಒಣಗಸ್ತಾರ, ಶೇಂಗಾ ಒಣಗಸ್ತಾರ. ನೀ ಮಣ್ಣು ಒಣಗಸಾಕ ತಂದಿ?"

"ಮಣ್ಣಲ್ಲ ಅಕ್ಕಾ, ಅದಿರು," ಎಂದರು ಅಣ್ಣಾರು, ನೆಲ ನೋಡುತ್ತ.

ಅಕ್ಕ ಒಪ್ಪಿದರು. ಮೆಣಸಿನಕಾಯಿಯನ್ನು ಒಂದು ಬದಿಗೆ ಒಟ್ಟಿ ರಾಶಿ ಮಾಡಿದೆವು. ಟಿಪ್ಪರ್ ಹಿಂದೆ ಬಂದು ಅದಿರು ಸುರಿಯಿತು. ಸುರಿದ ಸದ್ದಿಗೆ ಕೋಳಿಗಳೆಲ್ಲ ಬಣವೆ ಹತ್ತಿದವು. ಒಪ್ಪುವ ಮೊದಲು ಇಷ್ಟು ಮಾತಾಡಿದ ಅಕ್ಕ, ಒಪ್ಪಿದ ಮೇಲೆ ಅದಿರನ್ನು ಸ್ವಂತ ಬೆಳೆಯ ಹಾಗೆ ವಹಿಸಿಕೊಂಡರು. ನಾವು ಮೂವರೂ ಹಲಗೆ ಹಿಡಿದು ಅದನ್ನು ತೆಳ್ಳಗೆ ಹರವಿದೆವು, ಬಿಸಿಲೇರಿದಂತೆ ತಿರುವಿ ಹಾಕಿದೆವು. ದಾರಿಹೋಕರು ನಿಂತು ಇದು ಯಾವ ಬೆಳೆ ಎಂದು ಕೇಳುತ್ತಿದ್ದರು. ಅಕ್ಕ ತಲೆ ಎತ್ತದೆ, ಹೊಸ ತಳಿ ಎಂದು ಹೇಳಿ ಕಳಿಸುತ್ತಿದ್ದರು. ಒಬ್ಬರು ಎಕರೆಗೆ ಎಷ್ಟು ಇಳುವರಿ ಬರುತ್ತದೆಂದು ನನ್ನ ಹತ್ತಿರ ಬಂದು ಗುಟ್ಟಾಗಿ ವಿಚಾರಿಸಿದರು.

ಮರುದಿನ ಮಧ್ಯಾಹ್ನ ಅಕ್ಕ ಒಂದು ಹರಳನ್ನು ಎತ್ತಿ ಹಲ್ಲಿನಲ್ಲಿ ಕಚ್ಚಿದರು. ಜೋಳ ಒಣಗಿದೆಯೋ ಇಲ್ಲವೋ ಎಂದು ಅವರು ನೋಡುವುದು ಹಾಗೆಯೇ. ಕಟ್ ಎಂದು ಸದ್ದು ಬಂತು. ಒಣಗಿದೆ ಎಂದು ಸಾರಿದರು. ಕಲ್ಲು ಒದ್ದೆಯಿದ್ದರೂ ಕಟ್ ಅನ್ನುತ್ತದೆ ಎಂದು ನಾನು ಹೇಳಿದ್ದು ಅವರ ಮನಸ್ಸಿಗೆ ಬರಲಿಲ್ಲ.

ಹಾಗಾದರೆ ನಿಮ್ಮ ವಿದ್ಯೆ ತೋರಿಸಿ ಎಂದರು. ಒದ್ದೆ ಪುಡಿಯನ್ನು ತೂಗಿ, ಕಾಯಿಸಿ, ಮತ್ತೆ ತೂಗಿದರೆ ಹೋದ ನೀರು ಎಷ್ಟೆಂದು ತಿಳಿಯುತ್ತದೆ. ತಕ್ಕಡಿಯನ್ನು ಊರ ಕಿರಾಣಿ ಅಂಗಡಿಯಿಂದ ತಂದೆ. ಕಾಯಿಸಲು ಬೇರೇನೂ ಇರಲಿಲ್ಲ. ಒಲೆಯ ಮೇಲಿನ ರೊಟ್ಟಿ ಹಂಚಿನ ಕಡೆ ನೋಡಿದೆ. ಅಕ್ಕನೂ ನೋಡಿದರು.

"ನನ್ನ ಹಂಚಿನ ಮ್ಯಾಲೆ ಕಲ್ಲು ಹುರೀತೀರೇನ್ರಿ?"

"ಒಂದ ಸಲ ರೀ ಅಕ್ಕಾರ. ಹಡಗು ಹೋಗಿಬಿಡತದ."

ಅಡುಗೆಮನೆಯ ಬಾಗಿಲಲ್ಲಿ ನಿಂತ ಅಣ್ಣಾರು ತಾವು ಅಲ್ಲಿ ಇಲ್ಲವೆಂಬಂತೆ ಹೊರಗೆ ನೋಡತೊಡಗಿದರು. ಹಡಗಿನ ಹೆಸರು ಕೇಳಿಯೋ, ನನ್ನ ಮುಖ ನೋಡಿಯೋ, ಅಕ್ಕ ಹಂಚು ಕೊಟ್ಟರು. ಅದಿರು ಹುರಿದೆ. ಇನ್ನೂ ನೀರಿತ್ತು. ಮತ್ತೊಂದು ದಿನ ಒಣಗಿಸಿ ಮತ್ತೆ ಹುರಿದೆ, ಆಗ ಹದಕ್ಕೆ ಬಂದಿತ್ತು. ಎಷ್ಟು ತಿಕ್ಕಿ ತೊಳೆದರೂ ಆ ದಿನದ ರೊಟ್ಟಿಗಳು ಸ್ವಲ್ಪ ಕೆಂಪಗೆ ಬಂದವು. ಯಾರೂ ಅದರ ಮಾತೆತ್ತದೆ ತಿಂದೆವು.

ಪಕ್ಕದ ಹೊಲದಲ್ಲಿ ಕೃಷಿಹೊಂಡ ತೋಡುತ್ತಿದ್ದ ಜೆಸಿಬಿಯನ್ನು ಕರೆದು ಅದಿರನ್ನು ಲಾರಿಗೆ ತುಂಬಿಸಿದೆವು. ಧೂಳು ಎಷ್ಟೆದ್ದಿತೆಂದರೆ ಲಾರಿ ಎಲ್ಲಿ, ಕಣ ಎಲ್ಲಿ ತಿಳಿಯುತ್ತಿರಲಿಲ್ಲ. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಮನೆಯೊಳಗೆ ಹೋದರು. ನಾವು ದಾರಿ ಹಿಡಿದೆವು.

ಕಿತ್ತೂರು ದಾಟಿ ಅಡವಿಯ ಸೀಮೆ ಶುರುವಾಗುವಲ್ಲಿ ಅಣ್ಣಾರ ಫೋನ್ ರಿಂಗಾಯಿತು. ಸ್ಪೀಕರಿಗೆ ಹಾಕಿದರು.

"ತಮ್ಮಾ, ನನ್ನ ಮೆಣಸಿನಕಾಯಿ ರಾಶಿ ಅರ್ಧ ಉಳದೈತಿ. ಉಳಿದರ್ಧ ನಿನ್ನ ಲಾರಿಯೊಳಗೈತಿ. ಲಾರಿ ತಿರುವು."

ಕೆಂಪು ಅದಿರು, ಕೆಂಪು ಮೆಣಸಿನಕಾಯಿ, ಆ ಧೂಳಿನಲ್ಲಿ ಜೆಸಿಬಿಯವನಿಗೆ ಎರಡೂ ಒಂದೇ ಆಗಿದ್ದವು. ಅಣ್ಣಾರು ಸೀಟಿನಲ್ಲಿ ನೆಟ್ಟಗೆ ಕುಳಿತು, ನೆಟ್‌ವರ್ಕ್ ಹೋಗುತ್ತಿದೆ ಎಂದು ಎರಡು ಸಲ ಹೇಳಿ ಫೋನ್ ಬಂದ್ ಮಾಡಿದರು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಬಂದರಿನ ಪ್ರಯೋಗಾಲಯದಲ್ಲಿ ಮಾಲು ಪರೀಕ್ಷಿಸುವ ರಸಾಯನಶಾಸ್ತ್ರದ ಅಧಿಕಾರಿ ಕರಾವಳಿಯವರು, ಮಿತಭಾಷಿ, ಸದಾ ಇಸ್ತ್ರಿ ಮಾಡಿದ ಅಂಗಿ. ಲಾರಿಯಿಂದ ಮಾದರಿ ತೆಗೆದ ಕೆಲಸಗಾರ ಆಗಲೇ ಎರಡು ಸಲ ಸೀನಿದ್ದ. ಅಧಿಕಾರಿ ಅದರಲ್ಲಿ ಒಂದು ಪಾಲನ್ನು ನೀರಿನ ಪರೀಕ್ಷೆಗೆ ಒಲೆಯಲ್ಲಿಟ್ಟು, ಇನ್ನೊಂದು ಪಾಲನ್ನು ನುಣ್ಣಗೆ ಅರೆಯುವ ಯಂತ್ರಕ್ಕೆ ಹಾಕಿಸಿದರು. ಅದರೊಳಗೆ ಮೆಣಸಿನಕಾಯಿ ಇರುವ ವಿಷಯ ಹೇಗೆ ಶುರು ಮಾಡಲಿ ಎಂದು ನಾನು ಮಾತು ಹೊಂದಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಯಂತ್ರ ತಿರುಗಿತು.

ಮೊದಲು ಅಧಿಕಾರಿ ಸೀನಿದರು. ಆಮೇಲೆ ಅವರ ಸಹಾಯಕಿ. ಪಕ್ಕದ ಕೋಣೆಯಲ್ಲಿ ತೂಕ ಬರೆದುಕೊಳ್ಳುತ್ತಿದ್ದವರು ಕೆಮ್ಮುತ್ತ ಹೊರಗೆ ಓಡಿದರು. ಒಲೆಯಲ್ಲಿಟ್ಟ ಪಾಲಿನಿಂದ ಒಗ್ಗರಣೆ ಹತ್ತಿದ ಘಾಟು ಏಳತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಪ್ರಯೋಗಾಲಯ ಪೂರ್ತಿ ಖಾಲಿಯಾಗಿ, ಎಲ್ಲರೂ ಅಂಗಳದಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದೆವು. ದೂರದಿಂದ ನೋಡಿದವರು ಯಾರೋ ತೀರಿಕೊಂಡಿದ್ದಾರೆಂದು ತಿಳಿದು ವಿಚಾರಿಸಲು ಬಂದರು.

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು.

"ಈ ಅದಿರಿನಲ್ಲಿ ಎಂತದುಂಟು?"

"ಮೆಣಸಿನಕಾಯಿ ಅವ ರೀ," ಎಂದೆ. "ಕಣದಾಗ ಕೂಡ್ಯಾವು."

ಅವರು ಕಣ ಯಾವುದು, ಏಕೆ, ಹೇಗೆ ಎಂದು ಎಲ್ಲವನ್ನೂ ಕೇಳಿದರು. ನಾನು ಹಂಚಿನವರೆಗೆ ಎಲ್ಲವನ್ನೂ ಹೇಳಿದೆ. ಹಂಚಿನ ಮಾತಿಗೆ ಅವರ ತುಟಿ ಸ್ವಲ್ಪ ಅಲ್ಲಾಡಿತು, ನಗುವ ಮೊದಲೇ ಮತ್ತೆ ಸೀನು ಬಂತು. ಗಾಳಿಯಾಡಿದ ಮೇಲೆ ಒಳಗೆ ಹೋಗಿ ಹೊಸ ಮಾದರಿಯಿಂದ ನೋಡಿದಾಗ ನೀರಿನ ಅಂಶ ಮಿತಿಯೊಳಗೇ ಇತ್ತು. ಮೆಣಸಿನಕಾಯಿ ತೆಗೆದು ಕೊಟ್ಟರೆ ಮಾಲು ಪಾಸು ಎಂದರು. ಬಂದರಿನ ದೊಡ್ಡ ಜರಡಿಯಲ್ಲಿ ಹಾಯಿಸಿದಾಗ ಪುಡಿ ಕೆಳಗಿಳಿದು ಮೆಣಸಿನಕಾಯಿ ಮೇಲುಳಿದವು. ಹಡಗಿಗೆ ಕಡೆಯದಾಗಿ ಏರಿದ್ದು ನಮ್ಮ ಅದಿರು.

ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬಿ ಚಚಡಿಗೆ ಒಯ್ದೆವು. ಅಣ್ಣಾರು ಲಾರಿಯಿಂದ ಇಳಿಯಲೇ ಇಲ್ಲ; ಚೀಲ ಹೊತ್ತವನು ನಾನು. ಅಕ್ಕ ಒಂದು ಮೆಣಸಿನಕಾಯಿ ಎತ್ತಿ ತೂಕ ನೋಡಿದರು, ಬೆರಳಿಗಂಟಿದ ಕೆಂಪು ನೋಡಿದರು.

"ಇವನ್ನ ತಿಂದವರನ್ನ ಅಯಸ್ಕಾಂತ ಎಳಕೊಂಡು ಹೋಗತೈತಿ," ಎಂದು ಚೀಲವನ್ನು ಬದಿಗಿಟ್ಟರು.

ಬದಲಿಗೆ ಏನು ಕೊಡಲಿ ಎಂದು ಕೇಳಿದೆ. ಅವರು ಬೇರೇನನ್ನೂ ಕೇಳಲಿಲ್ಲ. ಇಷ್ಟೆಲ್ಲ ಮಾಡಿಸಿದ ಆ ಹಡಗನ್ನು ತಾವೊಮ್ಮೆ ನೋಡಬೇಕು ಎಂದರು.

ಮುಂದಿನ ಹಡಗು ಬಂದಾಗ ಕರೆದುಕೊಂಡು ಹೋದೆವು. ಕ್ಯಾಬಿನ್ನಿನಲ್ಲಿ ನನಗೂ ಅಣ್ಣಾರಿಗೂ ನಡುವೆ ಅಕ್ಕ, ಅವರ ತೊಡೆಯ ಮೇಲೆ ರೊಟ್ಟಿಯ ಗಂಟು. ಬಂದರಿನಲ್ಲಿ ಅನುಮತಿ ಕೊಡಿಸಿ, ತಲೆಗೆ ಹಳದಿ ಹೆಲ್ಮೆಟ್ ಹಾಕಿಸಿ, ಹಡಗಿನ ಎದುರು ತಂದು ನಿಲ್ಲಿಸಿದವರು ಆ ಅಧಿಕಾರಿಯೇ. ಅಕ್ಕ ಸೆರಗಿನ ಮೇಲೆ ಹೆಲ್ಮೆಟ್ ಸರಿಮಾಡಿಕೊಂಡು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಕಣ್ಣು ಹಾಯಿಸಿದರು. ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದನ್ನು ತಾನು ಹುಟ್ಟಿದ ಮೇಲೆ ನೋಡಿಲ್ಲ ಎಂದು ಅಣ್ಣಾರು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಅಕ್ಕ ಅಧಿಕಾರಿಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಅವರು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು.

ಹಿಂದಿರುಗುವಾಗ ಅಣ್ಣಾರು ತೋರಿಸಬೇಕೆಂದಿದ್ದ ಘಟ್ಟವನ್ನೆಲ್ಲ ಅಕ್ಕ ನಿದ್ದೆಯಲ್ಲಿ ಕಳೆದರು. ಕಿತ್ತೂರಿನಲ್ಲಿ ಎದ್ದು, ಚಹಾದ ಅಂಗಡಿಯವನಿಗೆ, ಹಡಗು ನಮ್ಮೂರ ಕೋಟೆಯಂಥ ವಾಡೆಯಷ್ಟು ದೊಡ್ಡದಿತ್ತು ಎಂದು ಹೇಳಿದರು. ಬೈಲಹೊಂಗಲದಲ್ಲಿ ಬಾಳೆಹಣ್ಣು ಕೊಳ್ಳುವಾಗ ಅದು ಎರಡು ವಾಡೆಯಷ್ಟಾಗಿತ್ತು. ಊರು ಮುಟ್ಟಿ, ಕಟ್ಟೆಯ ಮೇಲಿದ್ದ ಹೆಂಗಸರು ಸುತ್ತ ನೆರೆದಾಗ, ಅಣ್ಣಾರು ಸ್ವಲ್ಪ ತಿದ್ದಲು ಬಾಯಿ ತೆರೆದರು. ಅಕ್ಕ ಅವರ ಕಡೆ ಒಮ್ಮೆ ನೋಡಿದರು. ಹೌದು, ಚಚಡಿ ಪೂರ್ತಿ ಅದರೊಳಗೆ ಹಿಡಿಸುತ್ತದೆ ಎಂದು ಅಣ್ಣಾರು ಒಪ್ಪಿಕೊಂಡರು. ಭೂವಿಜ್ಞಾನ ಓದಿದವನೆಂದು ಎಲ್ಲರೂ ನನ್ನ ಮುಖ ನೋಡಿದಾಗ ನಾನೂ ಹೂಂ ಅಂದೆ.